ಕಥೆ ಅದೇ, ಕೈ ಬೇರೆ

ಅಭಿಮಾನವೆಂಬುದು ಸಂತೋಷಕ್ಕಿಂತ ಹೆಚ್ಚಾಗಿ ಆತಂಕವನ್ನು ಆಶ್ರಯಿಸಿಕೊಂಡೇ ಬೆಳೆಯುವ ಭಾವವೆಂಬುದಕ್ಕೆ ನಿದರ್ಶನವನ್ನು ಬಯಸುವವರು, ಜನಾದರಕ್ಕೆ ಪಾತ್ರವಾದ ಚಲನಚಿತ್ರವೊಂದರ ಮುಂದಿನ ಭಾಗವನ್ನು ಮೊದಲಿನವರಲ್ಲದೆ ಬೇರೊಬ್ಬರು ನಿರ್ದೇಶಿಸುವರೆಂಬ ವಾರ್ತೆ ಹೊರಬಿದ್ದ ಸಂಜೆ ಬಾಗಲಕೋಟೆಯ ಯಾವುದಾದರೊಂದು ಚಹಾದಂಗಡಿಯ ಮುಂದೆ ಅರ್ಧ ತಾಸು ನಿಂತರೆ ಸಾಕು. 2025ರ ಮಾರ್ಚಿನಲ್ಲಿ ರಾಕೇಶ್ ರೋಶನ್ ಅವರು ಅಂಥದೊಂದು ವಾರ್ತೆಯನ್ನು ಕೊಟ್ಟರು. ‘ಕೋಯಿ ಮಿಲ್ ಗಯಾ’ (2003), ‘ಕ್ರಿಶ್’ (2006), ‘ಕ್ರಿಶ್ 3’ (2013) ಎಂಬ ಮೂರು ಚಿತ್ರಗಳಲ್ಲಿ ತಾವೇ ಬೆಳೆಸಿಕೊಂಡು ಬಂದ ಸೂಪರ್‌ಹೀರೊ ಕಥಾಮಾಲೆಯ ನಾಲ್ಕನೆಯ ಭಾಗವನ್ನು, ಅದರ ನಾಯಕನಾಗಿ ಅಭಿನಯಿಸುತ್ತ ಬಂದವರೂ ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದಿದ್ದವರೂ ಆದ ಮಗ ಹೃತಿಕ್ ರೋಶನ್ ಅವರಿಗೆ ಒಪ್ಪಿಸುವುದಾಗಿ ಪ್ರಕಟಿಸಿದರು. ಇಂಥ ಸುದ್ದಿಗೆ ನಮ್ಮ ಕಡೆ ಹುಟ್ಟುವ ಮಾತು ಸಾಮಾನ್ಯವಾಗಿ ಎರಡೇ ಬಗೆಯದು. “ಡೈರೆಕ್ಟರ್ ಬದ್ಲಾದ ಮ್ಯಾಲೆ ಪಿಕ್ಚರ್ ಮುಗದಂಗ ಬಿಡ ಕಾಕಾ” ಎಂದು ಒಬ್ಬನು ನಿಟ್ಟುಸಿರಿಟ್ಟರೆ, “ಅಲ್ಲೋ ತಮ್ಮಾ, ಇಪ್ಪತ್ತ ವರ್ಷ ಆ ವೇಷಾ ಹಾಕ್ಕೊಂಡಾವ ಅವನ. ಅವಗ ಗೊತ್ತಿರದ್ದು ಮತ್ತ್ಯಾರಿಗೆ ಗೊತ್ತಿರತೈತಿ?” ಎಂದು ಇನ್ನೊಬ್ಬನು ಸಮಾಧಾನ ಹೇಳುವನು. ಲಘುವಾಗಿ ತೋರುವ ಈ ವಾದಪ್ರತಿವಾದದ ಒಡಲಲ್ಲಿ ಕಲೆಯ ಬಹು ಪುರಾತನವಾದ ಪ್ರಶ್ನೆಯೊಂದು ಅಡಗಿರುವುದರಿಂದ, ಅದನ್ನು ಕೊಂಚ ಸಾವಧಾನವಾಗಿ ಬಿಡಿಸಿ ನೋಡುವುದು ಅನುಚಿತವಾಗಲಾರದು.

ಬೇರೆ ಚಿತ್ರಗಳಿಗಿಂತ ಸೂಪರ್‌ಹೀರೊ ಚಿತ್ರಗಳಲ್ಲಿಯೇ ಈ ಕಳವಳವು ತೀವ್ರವಾಗಲು ಕಾರಣವಿದೆ. ಸಾಮಾಜಿಕ ಕಥೆಯಲ್ಲಿ ಮುಂದೇನಾಗುವುದೆಂಬ ಕುತೂಹಲವೇ ಪ್ರೇಕ್ಷಕನನ್ನು ಕಟ್ಟಿಹಾಕುತ್ತದೆ. ಅತಿಮಾನುಷ ನಾಯಕನ ಕಥೆಯಲ್ಲಿ ಆ ಕುತೂಹಲಕ್ಕೆ ಎಡೆಯೇ ಇಲ್ಲ. ದುಷ್ಟನು ಸೋಲುವನು, ನಗರವು ಉಳಿಯುವುದು, ನಾಯಕನು ಮತ್ತೊಮ್ಮೆ ಮೇಲೇಳುವನು ಎಂಬುದೆಲ್ಲವೂ ಟಿಕೀಟು ಕೊಳ್ಳುವ ಮೊದಲೇ ಸರ್ವವಿದಿತ. ಫಲಿತಾಂಶವು ಮುಂಚಿತವಾಗಿ ತಿಳಿದಿರುವ ಕಥೆಯಲ್ಲಿ ಉಳಿಯುವ ರುಚಿಯೆಲ್ಲ ಅದನ್ನು ಹೇಳುವ ರೀತಿಯಲ್ಲಿಯೇ ಇರುತ್ತದೆ. ನಾಯಕನು ಎಷ್ಟು ಗಂಭೀರ, ಎಷ್ಟು ವಿನೋದಶೀಲ; ಅವನ ದೌರ್ಬಲ್ಯವು ಎಲ್ಲಿ ಪ್ರಕಟವಾಗಬೇಕು; ಯುದ್ಧಕ್ಕೂ ಮೌನಕ್ಕೂ ಎಷ್ಟೆಷ್ಟು ಕಾಲ ಸಲ್ಲಬೇಕು ಎಂಬ ಇವೆಲ್ಲವನ್ನೂ ನಿರ್ಣಯಿಸುವವನು ನಿರ್ದೇಶಕ. ಆದಕಾರಣ ಅವನು ಬದಲಾದನೆಂದರೆ ತಾನು ಮೆಚ್ಚಿದ ವಸ್ತುವೇ ಬದಲಾಯಿತೆಂದು ಅಭಿಮಾನಿಯು ತಲ್ಲಣಿಸುವುದು ಅಕಾರಣವಲ್ಲ. ಮೇಲಾಗಿ ಪಾಶ್ಚಾತ್ಯ ದೇಶಗಳಲ್ಲಿ ಈ ನಾಯಕರು ಕಂಪನಿಗಳ ಸ್ವತ್ತು. ನಟರು ಮುಪ್ಪಾದರೂ, ನಿರ್ದೇಶಕರು ಮುನಿದು ಹೋದರೂ, ಕಂಪನಿಯು ಆ ವೇಷವನ್ನು ಮತ್ತೊಬ್ಬರಿಗೆ ತೊಡಿಸಿ ಆಟವನ್ನು ಮುಂದುವರಿಸುತ್ತದೆ.

ಹಾಗೆ ಮುಂದುವರಿಸಿದ ಆಟಗಳ ಚರಿತ್ರೆಯು ಬೋಧಪ್ರದವಾದುದು. ರಿಚರ್ಡ್ ಡಾನರ್ ‘ಸೂಪರ್‌ಮ್ಯಾನ್’ ಚಿತ್ರದ ಎರಡು ಭಾಗಗಳನ್ನೂ ಏಕಕಾಲದಲ್ಲಿ ಚಿತ್ರೀಕರಿಸುತ್ತಿದ್ದರು. 1978ರಲ್ಲಿ ಮೊದಲ ಭಾಗವು ತೆರೆಕಂಡು ಜಯಭೇರಿ ಹೊಡೆದ ಬಳಿಕ, ನಿರ್ಮಾಪಕರೊಡನೆ ಬೆಳೆದಿದ್ದ ವೈಮನಸ್ಯದ ಫಲವಾಗಿ, ಎರಡನೆಯ ಭಾಗದ ಬಹಳಷ್ಟು ದೃಶ್ಯಗಳು ಸಿದ್ಧವಾಗಿದ್ದಾಗಲೇ ಅವರನ್ನು ಕೈಬಿಡಲಾಯಿತು. ರಿಚರ್ಡ್ ಲೆಸ್ಟರ್ ಬಂದು ಅನೇಕ ದೃಶ್ಯಗಳನ್ನು ಮರಳಿ ತೆಗೆದು 1980ರಲ್ಲಿ ಅದನ್ನು ತೆರೆಗೆ ತಂದರು. ಚಿತ್ರವೇನೋ ಹಣವನ್ನು ತಂದುಕೊಟ್ಟಿತು. ಆದರೆ ಡಾನರ್ ತೆಗೆದ ಚಿತ್ರವೆಲ್ಲಿ ಎಂಬ ಅಭಿಮಾನಿಗಳ ಪ್ರಶ್ನೆ ಅಡಗಲಿಲ್ಲ. ಕಡೆಗೆ 2006ರಲ್ಲಿ, ಕಾಲು ಶತಮಾನವೇ ಸಂದ ಮೇಲೆ, ಆ ಹಳೆಯ ಸುರುಳಿಗಳನ್ನು ಹುಡುಕಿ ಜೋಡಿಸಿ ಡಾನರ್ ಅವರ ಪಾಠವನ್ನು ಬೇರೆಯಾಗಿಯೇ ಹೊರತರಬೇಕಾಯಿತು. 2017ರ ‘ಜಸ್ಟಿಸ್ ಲೀಗ್’ ಚಿತ್ರದ ಕಥೆ ಇನ್ನೂ ಕರುಣಾಜನಕ. ಮಗಳ ಮರಣದ ದುಃಖದಲ್ಲಿ ಝ್ಯಾಕ್ ಸ್ನೈಡರ್ ಹಿಂದೆ ಸರಿದಾಗ ಜಾಸ್ ವೀಡನ್ ಆ ಸ್ಥಾನಕ್ಕೆ ಬಂದರು. ಆದ ಬದಲಾವಣೆಯನ್ನು ಸಹಿಸದ ಅಭಿಮಾನಿಗಳು ಮೂರು ವರ್ಷಗಳಿಗೂ ಮಿಕ್ಕಿ ಹಟ ಹಿಡಿದು, ಅವರಲ್ಲಿ ಕೆಲವರು ದೂಷಣೆಗೆ ಇಳಿದರೆ ಕೆಲವರು ಆತ್ಮಹತ್ಯಾ ನಿವಾರಣೆಯ ಕಾರ್ಯಕ್ಕಾಗಿ ನಿಧಿಯನ್ನು ಕೂಡಿಸಿ, ಅಂತೂ 2021ರಲ್ಲಿ ನಾಲ್ಕು ಗಂಟೆಗಳ ದೀರ್ಘವಾದ ಮೂಲಕಲ್ಪನೆಯ ಚಿತ್ರವನ್ನು ಬಿಡುಗಡೆ ಮಾಡಿಸಿಕೊಂಡರು.

ಇಷ್ಟರಿಂದ ಕೈ ಬದಲಾದೊಡನೆ ಕಥೆ ಕೆಡುವುದೆಂದು ಸಿದ್ಧಾಂತ ಮಾಡುವ ಆತುರಗಾರರಿಗೆ ‘ಬ್ಯಾಟ್‌ಮ್ಯಾನ್’ ಉತ್ತರವಾಗಿ ನಿಲ್ಲುತ್ತದೆ. ಟಿಮ್ ಬರ್ಟನ್ 1989ರಲ್ಲಿಯೂ 1992ರಲ್ಲಿಯೂ ತೆಗೆದ ಚಿತ್ರಗಳಲ್ಲಿ ಎರಡನೆಯದರ ಕರಾಳ ಛಾಯೆಯು ಮಕ್ಕಳ ತಾಯ್ತಂದೆಯರಿಗೂ, ಚಿತ್ರದ ಹೆಸರಿನಲ್ಲಿ ಆಟಿಕೆ ತಿನಿಸುಗಳನ್ನು ಮಾರುತ್ತಿದ್ದ ವ್ಯಾಪಾರಿಗಳಿಗೂ ಸೇರದೆ ಹೋದುದರಿಂದ, ಮುಂದಿನ ಭಾಗಗಳು ಜೋಯೆಲ್ ಶೂಮಾಕರ್ ಅವರ ಪಾಲಿಗೆ ಬಂದು, ಬಣ್ಣಬಣ್ಣದ ಉತ್ಸವಗಳಾಗಿ ಪರಿಣಮಿಸಿದವು. 1997ರ ಚಿತ್ರವು ಎಷ್ಟರ ಮಟ್ಟಿನ ಉಪಹಾಸಕ್ಕೆ ಗುರಿಯಾಯಿತೆಂದರೆ ಆ ನಾಯಕನು ಎಂಟು ವರ್ಷ ತೆರೆಯ ಮೇಲೆ ತನ್ನ ಕಥೆಯೊಂದಿಗೆ ಮರಳಲೇ ಇಲ್ಲ. 2005ರಲ್ಲಿ ಅವನನ್ನು ಮರಳಿ ಕರೆತಂದ ಕ್ರಿಸ್ಟೋಫರ್ ನೋಲನ್ ಕೂಡ ಹೊಸ ಕೈಯೇ. ಒಂದು ಹೊಸ ಕೈ ಕೆಡಿಸಿದುದನ್ನು ಇನ್ನೊಂದು ಹೊಸ ಕೈ ಉದ್ಧರಿಸಿತೆಂದ ಮೇಲೆ, ಗುಣದೋಷಗಳ ಬೀಜವನ್ನು ಬದಲಾವಣೆಯಲ್ಲಿ ಅರಸದೆ ಬದಲಾವಣೆಯ ಹಿಂದಿರುವ ಕಾರಣದಲ್ಲಿ ಅರಸುವುದು ಯುಕ್ತ.

ಈ ವಿವೇಕವನ್ನು ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾದ ಅವಶ್ಯಕತೆ ಇರಲಿಲ್ಲ. ನಮ್ಮ ಜಿಲ್ಲೆಯ ಮುಧೋಳದಲ್ಲಿ ಬಳೆಗಾರರ ಮನೆಯೊಂದರಲ್ಲಿ ಸಾವಿರ ವರ್ಷಗಳ ಹಿಂದೆ ಹುಟ್ಟಿದ ರನ್ನನ ಕಡೆಗೆ ತಿರುಗಿದ್ದರೆ ಸಾಕಾಗಿತ್ತು. ರನ್ನನಿಗಿಂತ ಒಂದು ತಲೆಮಾರಿನಷ್ಟು ಹಿಂದೆ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿ, ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಸತಿಯಾಗಿಸಿ, ಅಂತ್ಯದಲ್ಲಿ ಅವನಿಗೇ ಪಟ್ಟವನ್ನೂ ಕಟ್ಟಿದ್ದನು. ಕನ್ನಡದಲ್ಲಿ ಭಾರತವೆಂದರೆ ಪಂಪನದೇ ಎಂಬಂತಿದ್ದ ಕಾಲವದು. ಅಂಥ ಕಾವ್ಯದ ಹದಿಮೂರನೆಯ ಆಶ್ವಾಸದಲ್ಲಿ ಬರುವ ಗದಾಯುದ್ಧದ ಪ್ರಸಂಗವನ್ನು ರನ್ನನು ಎತ್ತಿಕೊಂಡು, ಅದನ್ನೇ ಹತ್ತು ಆಶ್ವಾಸಗಳ ಸ್ವತಂತ್ರ ಕಾವ್ಯವಾಗಿ ಬೆಳೆಸಿದನಲ್ಲದೆ, ನಾಯಕನನ್ನೇ ಬದಲಿಸಿದನು. ಇಲ್ಲಿ ಚಾಲುಕ್ಯ ಸತ್ಯಾಶ್ರಯನೊಡನೆ ಸಮೀಕೃತನಾದವನು ಭೀಮ. ದ್ರೌಪದಿಯು ಮೂದಲಿಸಿ ಹುರಿದುಂಬಿಸುವುದು ಭೀಮನನ್ನು. ಕಡೆಗೆ ಸಿಂಹಾಸನವನ್ನು ಏರುವವನೂ ಅವನೇ. ಮೆಚ್ಚಿನ ನಾಯಕನನ್ನು ಹಿನ್ನೆಲೆಗೆ ಸರಿಸಿ ಅವನ ಅಣ್ಣನನ್ನು ಮುಂದೆ ತಂದ ಈ ಸಾಹಸವನ್ನು ಇಂದಿನ ಯಾವ ನಿರ್ದೇಶಕನಾದರೂ ಕೈಗೊಂಡಿದ್ದರೆ ಅವನು ಕೇಳಬೇಕಾಗಿ ಬರುತ್ತಿದ್ದ ಬೈಗುಳಗಳನ್ನು ಊಹಿಸುವುದು ಕಷ್ಟವಲ್ಲ.

ಆದರೂ ರನ್ನನ ಕಾವ್ಯವು ಪಂಪನ ಕಾವ್ಯದ ನೆರಳಾಗಿ ಉಳಿಯಲಿಲ್ಲ. ಯುದ್ಧದ ಕಡೆಯ ದಿನದ ಎತ್ತರದಲ್ಲಿ ನಿಂತು, ಸಿಂಹವು ಹಿಂದಿರುಗಿ ನೋಡುವಂತೆ, ಇಡಿಯ ಭಾರತವನ್ನು ಅವಲೋಕಿಸುವ ಕ್ರಮವನ್ನು ಅವನು ಹಿಡಿದನು. ಸಂಜಯನೊಡನೆ ಹೆಣಗಳ ನಡುವೆ ಕಾಲಿಡುತ್ತ ನಡೆಯುವ ದುರ್ಯೋಧನನನ್ನು ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಮಾತ್ರವಲ್ಲದೆ ಶತ್ರುಪುತ್ರನಾದ ಅಭಿಮನ್ಯುವಿನ ಕಳೇಬರದ ಮುಂದೆಯೂ ನಿಲ್ಲಿಸಿ, ಆ ಬಾಲಕನ ಶೌರ್ಯವನ್ನು ಕೊಂಡಾಡಿಸಿದನು. ಬಿರುದು ಭೀಮನದಾದರೂ ಓದುಗನ ಎದೆಯಲ್ಲಿ ಉಳಿಯುವವನು ದುರ್ಯೋಧನ. ಪಂಪನಿಂದ ಪಡೆದುದನ್ನೆಲ್ಲ ಗೌರವದಿಂದ ಪಡೆದು, ಪಂಪನು ನಿಲ್ಲದ ಎಡೆಯಲ್ಲಿ ನಿಂತು ನೋಡಿದುದೇ ರನ್ನನ ಗೆಲವಿನ ಮೂಲ. ಅರಸನಿಗೆ ಪ್ರಿಯವಾಗಬೇಕೆಂಬ ಒತ್ತಾಯವು ಅವನಿಗೂ ಇತ್ತು. ಒತ್ತಾಯದ ಒಳಗೇ ಅವನು ತನ್ನದೊಂದು ಕಾರಣವನ್ನು ಕಂಡುಕೊಂಡನು. ಮುಂದೆ ಬಿ. ಎಂ. ಶ್ರೀಕಂಠಯ್ಯನವರು ಈ ಚಂಪುವನ್ನೇ ನಾಟಕವನ್ನಾಗಿ ಅಳವಡಿಸಿದಾಗ ಕಥೆ ಮತ್ತೊಂದು ಕೈಯನ್ನು ಸೇರಿ ಮತ್ತೊಂದು ಆಯುಷ್ಯವನ್ನು ಪಡೆಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಕನ್ನಡದ ಭಾರತದಲ್ಲಿಯೇ ದೊರೆಯುತ್ತದೆ. ಬಾದಾಮಿಯ ನೆರೆಯ ಗದುಗಿನಲ್ಲಿ ಕುಮಾರವ್ಯಾಸನು ಆದಿಪರ್ವದಿಂದ ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಮುಗಿಸಿ ನಿಲ್ಲಿಸಿದ ಬಳಿಕ, ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಆಜ್ಞೆಯಂತೆ ತಿಮ್ಮಣ್ಣಕವಿಯು ಅದೇ ಭಾಮಿನೀ ಷಟ್ಪದಿಯಲ್ಲಿ ರಚಿಸಿ ಪೂರ್ಣಗೊಳಿಸಿದನು. ವಿದ್ವತ್ತಿಗಾಗಲಿ ನಿಷ್ಠೆಗಾಗಲಿ ಕೊರತೆ ಇರಲಿಲ್ಲ. ಛಂದಸ್ಸೂ ಅದೇ, ಕಥೆಯೂ ಅದೇ. ಹಾಗಿದ್ದೂ ಇಂದಿಗೂ ಊರೂರುಗಳ ಜಗಲಿಗಳಲ್ಲಿ ಗಮಕಿಗಳು ಹಾಡುವುದು ಕುಮಾರವ್ಯಾಸನ ಹತ್ತು ಪರ್ವಗಳನ್ನು. ತಿಮ್ಮಣ್ಣನನ್ನು ಬಹುಮಟ್ಟಿಗೆ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳೇ ಬಲ್ಲರು. ಪೂರ್ತಿಯಾಗಬೇಕೆಂಬುದು ರಾಜನ ಬಯಕೆಯಾಗಿತ್ತು. ಕುಮಾರವ್ಯಾಸನ ಕಾವ್ಯಕ್ಕಾದರೋ ಕೃಷ್ಣಕಥೆಯ ಆವೇಶವು ಗದೆಯ ಕಡೆಯ ಪೆಟ್ಟಿನೊಡನೆಯೇ ಪೂರ್ತಿಯಾಗಿಹೋಗಿತ್ತು. ಮೊದಲಿನವನ ಧಾಟಿಯನ್ನು ಬಿಡದೆ ಹಿಡಿದರೆ ಅಭಿಮಾನಿಗಳು ಒಪ್ಪುವರೆಂಬ ನಂಬಿಕೆಯು ಎಷ್ಟು ದುರ್ಬಲವಾದುದೆಂಬುದನ್ನು ಈ ಸಾಧುಕವಿಯ ಭಾಗ್ಯವು ತೋರಿಸುತ್ತದೆ.

ಕಾವ್ಯದಲ್ಲಿ ಕಂಡುದನ್ನು ಕಲ್ಲಿನಲ್ಲಿಯೂ ಕಾಣಬೇಕೆಂಬವರು ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗಿ ವಿರೂಪಾಕ್ಷ, ಪಾಪನಾಥ ದೇವಾಲಯಗಳೆರಡನ್ನೂ ಒಂದೇ ದಿನ ನೋಡಬೇಕು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷದಲ್ಲಿ ಗುಂಡ ಅನಿವಾರಿತಾಚಾರಿಯೆಂಬ ಸೂತ್ರಧಾರಿಯ ಹೆಸರು ಶಾಸನಸ್ಥವಾಗಿದೆ. ಅಲ್ಲಿ ತಳದಿಂದ ಶಿಖರದವರೆಗೂ ಒಂದೇ ಸಂಕಲ್ಪದ ಉಸಿರಾಟವು ಗೋಚರಿಸುತ್ತದೆ. ಪಾಪನಾಥದ ಮಾತು ಬೇರೆ. ಗರ್ಭಗುಡಿಯ ಮೇಲೆ ಉತ್ತರದೇಶದ ನಾಗರ ಶಿಖರ, ಗೋಡೆಗಳಲ್ಲಿ ದಕ್ಷಿಣದ ರೀತಿಯ ಕೆಲಸ, ಒಂದರ ಮುಂದೊಂದು ನೀಳವಾಗಿ ಚಾಚಿದ ಮಂಟಪಗಳು, ಆ ನೀಳಕ್ಕೆ ಹೋಲಿಸಿದರೆ ಕಿರಿದಾಗಿ ಕಾಣುವ ಶಿಖರ ಇವನ್ನೆಲ್ಲ ಗಮನಿಸಿದ ಕಲಾಚರಿತ್ರಕಾರರು, ಕಟ್ಟಡದ ಕೆಲಸವು ಹಂತಹಂತವಾಗಿ ನಡೆದು ಮೂಲಯೋಜನೆಯು ನಡುವೆಯೇ ಮಾರ್ಪಟ್ಟಿರಬೇಕೆಂದು ಭಾವಿಸುತ್ತಾರೆ. ಆದರೆ ಮಾರ್ಪಟ್ಟ ಮೇಲೆ ಬಂದ ಕೈಗಳು ಆ ಗೋಡೆಗಳಲ್ಲಿ ರಾಮಾಯಣದ ದೃಶ್ಯಗಳನ್ನು ಬಿಡಿಸಿದುವು. ಸಾಮರಸ್ಯವು ತಪ್ಪಿದರೂ ಸಮೃದ್ಧಿಯು ತಪ್ಪಲಿಲ್ಲ. ಹೆಚ್ಚಿನ ಯಾತ್ರಿಕರು ಶಿಖರದ ಅಳತೆಯನ್ನು ಮರೆತು ಗೋಡೆಯ ಕಥೆಯನ್ನೇ ನೋಡುತ್ತ ನಿಲ್ಲುವರು.

ಇನ್ನು ರಂಗಭೂಮಿಯ ಕಡೆಗೆ ಬಂದರೆ, ನಮ್ಮ ಭಾಗದ ಜನರಿಗೆ ಕೈ ಬದಲಾಗುವುದು ನಿತ್ಯದ ಅನುಭವವಾಗಿತ್ತು. ಅಪರಾಳ ತಮ್ಮಣ್ಣನು ರಚಿಸಿದ ‘ಶ್ರೀಕೃಷ್ಣ ಪಾರಿಜಾತ’ವನ್ನು ಕುಲಗೋಡ ತಮ್ಮಣ್ಣನು ಆಟಕ್ಕೆ ಒಗ್ಗಿಸಿ ಬೆಳೆಸಿದನು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಅದನ್ನು ಊರೂರಿಗೆ ಕೊಂಡೊಯ್ದರು. ಇಂದು ಪಾರಿಜಾತದ ಮುಂದೆ ಕುಳಿತವರಿಗೆ ಯಾವ ಪದ ಯಾವ ತಮ್ಮಣ್ಣನದೆಂಬ ಚಿಂತೆಯಿಲ್ಲ. ಸತ್ಯಭಾಮೆಯ ಸೆಡವು ಸರಿಯಾಗಿ ಬಂತೆ, ಭಾಗವತನ ದನಿ ಬೆಳಗಿನವರೆಗೆ ತಡೆಯಿತೆ ಎಂಬುದಷ್ಟೇ ಅವರ ವಿಚಾರಣೆ. ಬನದ ಹುಣ್ಣಿಮೆಗೆ ನೆರೆಯುವ ಬಾದಾಮಿ ಬನಶಂಕರಿಯ ಜಾತ್ರೆಯಲ್ಲಿ ಸಾಲಾಗಿ ಡೇರೆ ಹೊಡೆದು ನಿಲ್ಲುವ ನಾಟಕ ಕಂಪನಿಗಳ ಪ್ರೇಕ್ಷಕರೂ ಇಂಥ ನಿಷ್ಠುರ ನ್ಯಾಯಾಧೀಶರೇ. ಹಿಂದಿನ ವರ್ಷ ಆ ಪಾರ್ಟು ಯಾರು ಮಾಡಿದ್ದರು, ಈ ವರ್ಷದವರು ಹೇಗೆ ಮಾಡಿದರು ಎಂಬ ತುಲನೆಯನ್ನು ಅವರು ಚಹಾದಂಗಡಿಯ ಮುಂದೆ ನಿಂತು ಮಾಡುವರು. ಮೆಚ್ಚಿದರೆ ಒನ್ಸ್‌ಮೋರ್, ಮೆಚ್ಚದಿದ್ದರೆ ಪಕ್ಕದ ಡೇರೆ. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವು ಈ ಕಠಿಣ ಪರೀಕ್ಷೆಯಲ್ಲಿ ಗೆದ್ದು, 1974ರಲ್ಲಿ ಎ. ವಿ. ಶೇಷಗಿರಿರಾವ್ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ನಾಟಕವನ್ನು ಕಂಠಪಾಠ ಮಾಡಿದ್ದ ಜನರೇ, ಎಮ್ಮೆಯ ಮೇಲೆ ಕುಳಿತು ಹಾಡಿದ ಡಾ. ರಾಜಕುಮಾರರನ್ನು ಎದೆಗಪ್ಪಿಕೊಂಡರು. ಧುತ್ತರಗಿಯವರ ಕಥೆಯಲ್ಲಿ ಸಿರಿವಂತಿಕೆಯ ಸೊಕ್ಕಿಗೆ ಹಾಕಿದ ಸವಾಲು ಸಡಿಲವಾಗದೆ ಉಳಿದುದರಿಂದ, ಡೇರೆಯಿಂದ ತೆರೆಗೆ ಬಂದ ದಾರಿಯಲ್ಲಿ ಅವರಿಗೆ ಪರಕೀಯತೆ ತೋರಲಿಲ್ಲ.

ಕನ್ನಡ ಚಿತ್ರರಂಗದಲ್ಲಿ ಮುಂದಿನ ಭಾಗದ ಹೊಣೆ ಬೇರೊಬ್ಬರಿಗೆ ಹೋದ ಸುಪ್ರಸಿದ್ಧ ನಿದರ್ಶನವೆಂದರೆ ‘ಮುಂಗಾರು ಮಳೆ’. ಯೋಗರಾಜ ಭಟ್ಟರು ನಿರ್ದೇಶಿಸಿ 2006ರ ಡಿಸೆಂಬರಿನಲ್ಲಿ ತೆರೆಕಂಡ ಆ ಚಿತ್ರವು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮಿಕ್ಕಿ ಓಡಿದುದು ಸರ್ವವಿದಿತ. ಹತ್ತು ವರ್ಷಗಳ ತರುವಾಯ, 2016ರ ಸೆಪ್ಟೆಂಬರಿನಲ್ಲಿ ಬಂದ ‘ಮುಂಗಾರು ಮಳೆ 2’ರ ನಿರ್ದೇಶಕರು ಶಶಾಂಕ್. ನಾಯಕನಾಗಿ ಗಣೇಶ್ ಉಳಿದರು, ಪ್ರೀತಮ್ ಎಂಬ ಹೆಸರು ಉಳಿಯಿತು, ಮಳೆಯೂ ಉಳಿಯಿತು. ಸಂಗೀತವು ಮನೋಮೂರ್ತಿಯವರಿಂದ ಅರ್ಜುನ್ ಜನ್ಯರಿಗೆ ಬಂದಿತು, ಕಥೆ ಸಂಪೂರ್ಣ ಬೇರೆಯಾಯಿತು. ಶಶಾಂಕ್ ಅವರು ‘ಮೊಗ್ಗಿನ ಮನಸು’, ‘ಕೃಷ್ಣನ್ ಲವ್ ಸ್ಟೋರಿ’ಗಳಂಥ ಚಿತ್ರಗಳಿಂದ ತಮ್ಮದೇ ಕೀರ್ತಿಯನ್ನು ಗಳಿಸಿದ್ದವರು, ಅವರ ಸಾಮರ್ಥ್ಯದ ವಿಷಯದಲ್ಲಿ ವಿವಾದವಿಲ್ಲ. ಆದರೆ ಒಲಿದವಳನ್ನು ಬಿಟ್ಟುಕೊಟ್ಟು ಮಳೆಯಲ್ಲಿ ಹಿಂದಿರುಗಿದ ಯುವಕನ ತ್ಯಾಗದಲ್ಲಿ ಮೊದಲ ಕಥೆಯು ಮುಗಿದುಹೋಗಿತ್ತು. ಮುಂದೇನಾಯಿತೆಂದು ಹೇಳಲು ಉಳಿದುದು ಏನೂ ಇರಲಿಲ್ಲ. ಹೊಸ ಕಥೆಗೆ ಹಳೆಯ ಹೆಸರನ್ನು ಇಟ್ಟಾಗ ಪ್ರೇಕ್ಷಕನು ನೋಡುವ ಚಿತ್ರವನ್ನು ಬಿಟ್ಟು ನೆನಪಿನ ಚಿತ್ರವನ್ನು ಅಳೆಯತೊಡಗುವನು. ಆ ಅಳತೆಯಲ್ಲಿ ಭಟ್ಟರೇ ಮರಳಿ ಬಂದಿದ್ದರೂ ಗೆಲ್ಲುವುದು ಸುಲಭವಾಗುತ್ತಿರಲಿಲ್ಲ.

ಮರಣವು ಕೈಯನ್ನು ಬದಲಿಸಿದ ಪ್ರಸಂಗಗಳೂ ಉಂಟು. 1985ರ ಜೂನ್ ತಿಂಗಳಲ್ಲಿ ಪುಟ್ಟಣ್ಣ ಕಣಗಾಲರು ತೀರಿಕೊಂಡಾಗ ‘ಮಸಣದ ಹೂವು’ ಅಪೂರ್ಣವಾಗಿತ್ತು. ಅದನ್ನು ಮುಗಿಸಿಕೊಟ್ಟವರು ಕೆ. ಎಸ್. ಎಲ್. ಸ್ವಾಮಿ. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಎಳೆಗಳಿಗೆ ತೋಪು ತೆನೆಯ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವಾಗ ಎಷ್ಟು ಸಂಯಮದಿಂದ ಇರುವನೋ ಅಷ್ಟೇ ಸಂಯಮದಿಂದ ಸ್ವಾಮಿಯವರು ಆ ಕೆಲಸವನ್ನು ಮಾಡಿದರು. ಚಿತ್ರವು ಇಂದಿಗೂ ಪುಟ್ಟಣ್ಣನವರ ಕಡೆಯ ಕೃತಿಯೆಂದೇ ಪ್ರಸಿದ್ಧ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಕರ್ತೃವಾದ ಶಂಕರನಾಗ್ ಅವರು 1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆಂದು ನಮ್ಮ ಲೋಕಾಪುರದತ್ತ ಬರುತ್ತಿರುವಾಗ, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಬಲಿಯಾದರು. 2006ರಲ್ಲಿ ಆ ಮಾಲೆಗೆ ಹೊಸ ಕಂತುಗಳು ಸೇರಿದಾಗ ನಿರ್ದೇಶಿಸಿದವರು ಕವಿತಾ ಲಂಕೇಶ್. ಇಲ್ಲಿ ಯಾರೂ ಯಾರನ್ನೂ ಹೊರಹಾಕಿರಲಿಲ್ಲ. ಆದಕಾರಣ ಹೊಸಬರ ಮೇಲೆ ದೂರಿಲ್ಲದೆ ಹಳಬರ ಮೇಲಿನ ಹಂಬಲವಷ್ಟೇ ಉಳಿಯಿತು.

ಹೀಗೆ ಕೂಡಿಸಿ ನೋಡಿದರೆ ಅಭಿಮಾನಿಯ ಕ್ರೋಧಕ್ಕೆ ಒಂದು ನ್ಯಾಯವಾದ ನೆಲೆಯೂ ಒಂದು ಅನ್ಯಾಯವಾದ ನೆಲೆಯೂ ಇರುವುದು ಸ್ಪಷ್ಟವಾಗುತ್ತದೆ. ಆಟಿಕೆಯ ಮಾರಾಟಕ್ಕಾಗಿ ಒಬ್ಬನ ಕಲ್ಪನೆಯನ್ನು ಕತ್ತರಿಸಿ ಇನ್ನೊಬ್ಬನ ಕೈಯಲ್ಲಿ ಅರ್ಧ ಕೆಲಸವನ್ನು ತುರುಕಿದಾಗ ಅವನು ಪ್ರತಿಭಟಿಸುವುದು ನ್ಯಾಯ. ಏಕೆಂದರೆ ಅಲ್ಲಿ ಹೊಸ ನಿರ್ದೇಶಕನೂ ಸ್ವತಂತ್ರನಲ್ಲ, ಹಳೆಯ ನಿರ್ದೇಶಕನಷ್ಟೇ ಅವನೂ ಅನ್ಯಾಯಕ್ಕೆ ಒಳಗಾದವನು. ಬಂದವನು ಹೊಸಬನೆಂಬ ಒಂದೇ ಕಾರಣಕ್ಕಾಗಿ, ಅವನು ಒಂದು ದೃಶ್ಯವನ್ನೂ ತೆಗೆಯುವ ಮುನ್ನವೇ, ಅವನನ್ನು ಹಳಿಯುವುದು ಅನ್ಯಾಯ. ಮೊದಲಿನವರಂತೆಯೇ ಮಾಡು ಎಂದು ಅವನನ್ನು ನಿರ್ಬಂಧಿಸುವುದಂತೂ ಅವನಿಗೆ ತಿಮ್ಮಣ್ಣಕವಿಯ ಪಾಲನ್ನೇ ವಿಧಿಸಿದಂತೆ. ಅಭಿಮಾನಿಯು ಕೇಳಬೇಕಾದುದು ಇಷ್ಟು: ಈ ಕಥೆಯಲ್ಲಿ ಹೇಳದೆ ಉಳಿದುದು ಏನಾದರೂ ಇದೆಯೆ, ಮತ್ತು ಅದನ್ನು ತನ್ನ ಕಣ್ಣಿನಿಂದ ಕಂಡು ಹೇಳುವ ಅಧಿಕಾರವನ್ನು ಹೊಸಬನಿಗೆ ಕೊಟ್ಟಿದ್ದಾರೆಯೆ?

ಹೃತಿಕ್ ರೋಶನ್ ಅವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಚಿತ್ರವೇ ಕೊಡಬೇಕು. ಮಗನೆಂಬ ಹಕ್ಕಿನಿಂದಾಗಲಿ, ವೇಷ ಹಾಕಿದ ಅನುಭವದಿಂದಾಗಲಿ ಚಿತ್ರವು ತಾನಾಗಿ ಮೇಲಾಗದು. ತಂದೆಯು ನೋಡದೆ ಬಿಟ್ಟುದನ್ನು ಅವರು ನೋಡಿದ್ದಾರೆಯೆ ಎಂಬುದೊಂದೇ ಅಲ್ಲಿಯ ಒರೆಗಲ್ಲು. ಅಲ್ಲಿಯವರೆಗೆ ನಮ್ಮ ತರುಣ ಮಿತ್ರರು ಬನಶಂಕರಿಯ ಪ್ರೇಕ್ಷಕರ ಶಿಸ್ತನ್ನು ಅಭ್ಯಾಸ ಮಾಡುವುದು ಲೇಸು. ಅವರು ಕಂಪನಿಯ ಬೋರ್ಡನ್ನು ನೋಡಿ ತೀರ್ಪು ಕೊಡುವವರಲ್ಲ. ದುಡ್ಡು ಕೊಟ್ಟು ಒಳಗೆ ಕುಳಿತು, ಪರದೆ ಎದ್ದ ಮೇಲೆ ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳುವವರೂ ಅಲ್ಲ. ತೀರ್ಪು ಸುದ್ದಿಯ ದಿನದ್ದಲ್ಲ, ಆಟದ ದಿನದ್ದು.